ರಿಸೀವರಿಗೆ ಕಟ್ಟುವ ಡಬ್ಬಿ

ನನ್ನ ಗಂಡನಿಗೆ ಕಿವಿ ಕೇಳಿಸುವುದಿಲ್ಲ ಎಂದು ನಾನು ಹೇಳಿದರೆ ಅವರು ಒಪ್ಪುವುದಿಲ್ಲ. ಒಪ್ಪಬೇಕಾದರೆ ಮೊದಲು ನಾನು ಹೇಳಿದ್ದು ಕೇಳಿಸಬೇಕಲ್ಲ! ಮೂವತ್ತೊಂದು ವರ್ಷ ಬಟ್ಟೆ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ದುಡಿದವರು. ಒಂದೇ ಸೂರಿನಡಿ ಇನ್ನೂರು ಮಗ್ಗ, ಇನ್ನೂರೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಒಮ್ಮೆ ಮರೆತು ಬಿಟ್ಟುಹೋದ ಕನ್ನಡಕ ಕೊಡಲು ಹೋಗಿ ಬಾಗಿಲಲ್ಲಿ ಎರಡೇ ನಿಮಿಷ ನಿಂತಿದ್ದೆ. ಸಂಜೆಯವರೆಗೂ ನನ್ನ ತಲೆಯೊಳಗೆ ಮಗ್ಗ ಓಡುತ್ತಲೇ ಇತ್ತು.

ಅಲ್ಲಿ ಯಾರೂ ಯಾರಿಗೂ ಕೂಗಿ ಹೇಳುತ್ತಿರಲಿಲ್ಲ, ಕೂಗಿದರೂ ಪ್ರಯೋಜನವಿರಲಿಲ್ಲ. ಬಾಯಿ ದೊಡ್ಡದಾಗಿ ಆಡಿಸುವುದು, ಎದುರಿನವನು ತುಟಿ ನೋಡಿ ತಿಳಿದುಕೊಳ್ಳುವುದು. ನಮ್ಮವರು ಅದರಲ್ಲಿ ಎಷ್ಟು ಪಳಗಿದ್ದರೆಂದರೆ, ಬಸ್ಸಿನ ಗಾಜಿನಾಚೆ ಇಬ್ಬರು ಹೆಂಗಸರು ಜಗಳವಾಡುತ್ತಿದ್ದರೆ ಒಳಗೆ ಕೂತುಕೊಂಡೇ ನನಗೆ ಇಡೀ ಜಗಳ ಒಪ್ಪಿಸುತ್ತಿದ್ದರು. ಹಾಗಾಗಿ ಅವರ ಕಿವಿ ಹೋಗಿದೆ ಎಂದು ನನಗೇ ಎಷ್ಟೋ ವರ್ಷ ಗೊತ್ತಾಗಲಿಲ್ಲ. ಬೆನ್ನ ಹಿಂದಿನಿಂದ ಕರೆದಾಗ ತಿರುಗದಿದ್ದರೆ, ಗಂಡಸಿನ ಸೊಕ್ಕು ಎಂದುಕೊಂಡು ಸುಮ್ಮನಿರುತ್ತಿದ್ದೆ. ಸುಮ್ಮನಿರುತ್ತಿದ್ದೆ ಎನ್ನುವುದು ಸುಳ್ಳು, ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದೆ. ಅದೂ ಅವರಿಗೆ ಕೇಳಿಸಿರಲಿಕ್ಕಿಲ್ಲ.

ಶೆಡ್ಡಿನಲ್ಲಿ ಇನ್ನೊಂದು ರೂಢಿ ಇತ್ತು. ಮೇಸ್ತ್ರಿ ಬಂದು ಏನಾದರೂ ಹೇಳಿದರೆ, ತಿಳಿಯಲಿ ಬಿಡಲಿ, ‘ಹೂಂ’ ಎಂದು ತಲೆ ಆಡಿಸಿಬಿಡುವುದು. “ಅವನು ಹೊಸದೇನು ಹೇಳ್ತಾನೆ? ನೂಲು ಕಡಿದಿದೆ ನೋಡು ಅಂತಾನೆ, ಇಲ್ಲಾ ಬೇಗ ಬೇಗ ಅಂತಾನೆ. ಎರಡಕ್ಕೂ ಹೂಂ ಅಂದ್ರೆ ಮುಗೀತು” ಎನ್ನುತ್ತಿದ್ದರು. ಮಿಲ್ಲು ಮುಚ್ಚಿತು, ಮೇಸ್ತ್ರಿ ತೀರಿಕೊಂಡ, ಆ ‘ಹೂಂ’ ಮಾತ್ರ ನಮ್ಮ ಮನೆಗೆ ಬಂದು ತಳವೂರಿತು.

ಇದೆಲ್ಲ ಹೊಟ್ಟೆಗೆ ಹಾಕಿಕೊಂಡು ಹೇಗೋ ಸಂಸಾರ ಮಾಡಿಕೊಂಡಿದ್ದೆ. ಅಷ್ಟರಲ್ಲಿ ನನ್ನ ಎರಡೂ ಕಿಡ್ನಿ ಕೈಕೊಟ್ಟವು. ಅದಕ್ಕೆ ಈಗ ನಾಲ್ಕು ವರ್ಷ. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಅಂಟಿಕೊಂಡು ಮಲಗಬೇಕು. ಕಿಡ್ನಿ ಕೊಡಲು ಇವರು ಮುಂದೆ ಬಂದರು, ನನಗೆ ಹೊಂದಲಿಲ್ಲ. ಇವರ ತಂಗಿ, ನನ್ನ ನಾದಿನಿ, ಅವಳೂ ಬಂದಳು, ಅವಳದೂ ಹೊಂದಲಿಲ್ಲ. ಕೊನೆಗೆ, ಸತ್ತವರ ಕಿಡ್ನಿಗಾಗಿ ಕಾಯುವವರ ಪಟ್ಟಿಗೆ ನನ್ನ ಹೆಸರು ಸೇರಿತು.

ಆಸ್ಪತ್ರೆಯಲ್ಲಿ ಆ ಪಟ್ಟಿ ನೋಡಿಕೊಳ್ಳುವ ಹೆಂಗಸಿಗೆ ನಾನು ಪಟ್ಟಿಯಮ್ಮ ಎಂದು ಹೆಸರಿಟ್ಟಿದ್ದೇನೆ. ಒಳ್ಳೆಯವಳು, ಆದರೆ ಮಾತು ಕಡ್ಡಿ ಮುರಿದ ಹಾಗೆ. ಮೊದಲ ದಿನವೇ ಹೇಳಿದ್ದಳು: “ಫೋನ್ ಯಾವಾಗ ಬೇಕಾದ್ರೂ ಬರುತ್ತೆ. ನಾಲ್ಕು ಪ್ರಶ್ನೆ ಕೇಳ್ತೀವಿ. ಉತ್ತರ ಸರಿ ಇದ್ರೆ ಎರಡು ಗಂಟೆಯೊಳಗೆ ಇಲ್ಲಿರಬೇಕು, ಇಲ್ಲಾಂದ್ರೆ ಮುಂದಿನವರಿಗೆ ಹೋಗುತ್ತೆ. ಕಿಡ್ನಿ ಯಾರಿಗೂ ಕಾಯಲ್ಲಮ್ಮ.” ಈ ವರ್ಷದ ಮೊದಲಲ್ಲಿ ಹೃದಯದ ಡಾಕ್ಟರು ಇನ್ನೊಂದು ಸೇರಿಸಿದರು. ಯಂತ್ರದ ಮೇಲೆ ಇದ್ದೂ ಇದ್ದೂ ನನ್ನ ಹೃದಯ ಸೋಲುತ್ತಿದೆಯಂತೆ. ಆರು ತಿಂಗಳೊಳಗೆ ಕಿಡ್ನಿ ಸಿಕ್ಕರೆ ಆಪರೇಷನ್ ತಡೆದುಕೊಳ್ಳುತ್ತದಂತೆ, ಆಮೇಲೆ ಸಿಕ್ಕರೂ ಅವರೇ ಬೇಡವೆನ್ನುತ್ತಾರಂತೆ. ನನ್ನ ರಕ್ತದ ಗುಂಪೋ ಅಪರೂಪದ್ದು. ಬಂದರೆ ಒಂದು ಫೋನು ಬರಬಹುದು, ಅಷ್ಟೇ ನನ್ನ ಆಸೆ.

ನಮ್ಮದು ಸಾಲುಮನೆ. ಮೊಬೈಲಿಗೆ ಸಿಗ್ನಲ್ ಸಿಗುವುದು ಹೊಸ್ತಿಲು ದಾಟಿದ ಮೇಲೆ. ಆದ್ದರಿಂದ ಆಸ್ಪತ್ರೆಯ ಪುಸ್ತಕದಲ್ಲಿ ಮೊದಲು ಮನೆಯ ಫೋನಿನ ನಂಬರು ಬರೆಸಿದ್ದೆವು, ಅದನ್ನು ಯಾರೂ ಎತ್ತದಿದ್ದರೆ ಮೊಬೈಲು. ನಾನು ಸ್ನಾನಕ್ಕೆ ಹೋದಾಗ, ಡಯಾಲಿಸಿಸ್ ಸುಸ್ತಿಗೆ ಕಣ್ಣು ಮುಚ್ಚಿದಾಗ, ಫೋನ್ ಎತ್ತಬೇಕಾದವರು ಇವರೇ. ಗಂಟೆ ಹೊಡೆದರೆ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಫೋನಿಗೆ ತುಟಿ ಎಲ್ಲಿದೆ ನೋಡಿ ತಿಳಿದುಕೊಳ್ಳಲು?

ಕಿವಿಯ ಮಿಷಿನ್ ಹಾಕಿಕೊಳ್ಳಿ ಎಂದರೆ, “ನಂಗೇನು ಕಿವುಡಾ?” ಎಂದು ಮುಖ ಊದಿಸಿದರು. ನಾದಿನಿ ಜಾಣೆ. ಒಂದು ಭಾನುವಾರ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಡಬ್ಬಿ ತಂದಳು. “ಅಣ್ಣಾ, ಇದು ನಿನಗಲ್ಲ, ಫೋನಿಗೆ. ಫೋನೇ ಸಣ್ಣಗೆ ಮಾತಾಡುತ್ತೆ, ಅದಕ್ಕೆ ಇದನ್ನ ಕಟ್ಟಬೇಕು” ಎಂದಳು. ಅದನ್ನು ಫೋನ್ ಆಂಪ್ಲಿಫೈಯರ್ ಎನ್ನುತ್ತಾರಂತೆ. ರಿಸೀವರಿನಲ್ಲಿ ಕಿವಿಗೆ ಹಿಡಿಯುವ ತುದಿಗೆ ಅದನ್ನು ಕೂರಿಸಿ ರಬ್ಬರ್ ಪಟ್ಟಿ ಎಳೆದು ಬಿಗಿಯಬೇಕು. ಪಕ್ಕದಲ್ಲಿ ಸಣ್ಣ ಚಕ್ರ, ಸೊನ್ನೆಯಿಂದ ಹತ್ತರವರೆಗೆ. ಒಳಗೆ ಎರಡು ಪೆನ್ಸಿಲ್ ಸೆಲ್. ತಪ್ಪು ಫೋನಿನದು ಎಂದಾಗ ಇವರ ಮುಖ ಅರಳಿತು.

ಜೊತೆಗೆ ಒಂದು ಹಾಳೆ ಇತ್ತು. ನಾನು ಎದುರು ಕೂತು, ಒಂದೊಂದೇ ಸಾಲು ತುಟಿ ಅಗಲಿಸಿ ಓದಿ ಹೇಳಿದೆ. ಚಕ್ರವನ್ನು ಸೊನ್ನೆಯಿಂದ ಶುರುಮಾಡಿ ನಿಧಾನವಾಗಿ ಏರಿಸಬೇಕು. ಡಬ್ಬಿಗೆ ನೀರು ತಾಗಬಾರದು, ಒಣಬಟ್ಟೆಯಲ್ಲಿ ಒರೆಸಬೇಕು. ಮಾತು ಮುಗಿದ ಮೇಲೆ ಚಕ್ರ ಸೊನ್ನೆಗೆ ತಿರುಗಿಸಿ ಇಡಬೇಕು, ಇಲ್ಲದಿದ್ದರೆ ಕಿವಿ ಸರಿಯಾಗಿರುವವರು ಎತ್ತಿಕೊಂಡಾಗ ಅವರ ಕಿವಿಗೆ ಪೆಟ್ಟು. ಬಹಳ ದಿನ ಬಳಸದಿದ್ದರೆ ಸೆಲ್ ತೆಗೆದಿಡಬೇಕು. ಹಳೆಯ ಸೆಲ್ಲನ್ನೂ ಹೊಸದನ್ನೂ ಬೆರೆಸಬಾರದು. ಎಲ್ಲಕ್ಕೂ “ಹೂಂ” ಎಂದರು.

ಹೂಂ ಎಂದದ್ದರ ಬೆಲೆ ಮೂರನೇ ದಿನ ಗೊತ್ತಾಯಿತು. ಫೋನ್ ಬಂತೆಂದು ನಾನೇ ಓಡಿಹೋಗಿ ಎತ್ತಿ ಕಿವಿಗೆ ಇಟ್ಟೆ. ಚಕ್ರ ಹತ್ತರಲ್ಲೇ ಇತ್ತು. “ಅತ್ತಿಗೇ!” ಎಂದಳು ನಾದಿನಿ. ಅಬ್ಬಾ! ತಲೆಯೊಳಗೆ ಪಾತ್ರೆಯ ರಾಶಿ ಬಿದ್ದಂತಾಯಿತು, ರಿಸೀವರು ಕೈಜಾರಿ ನೆಲಕ್ಕೆ ಬಿತ್ತು. ಮೂರು ದಿನ ಆ ಕಿವಿ ಗುಂಯ್ ಎನ್ನುತ್ತಲೇ ಇತ್ತು. ಮನೆಯಲ್ಲಿ ಇರುವುದೇ ಎರಡು ನೆಟ್ಟಗಿನ ಕಿವಿ, ಅವನ್ನೂ ಕಳೆಯುತ್ತೀರಾ ಎಂದು ಬಾಯಿ ಬಡಿದುಕೊಂಡೆ. ಅದರ ಮೇಲೆ, ತಿಂಗಳಾಗುವಷ್ಟರಲ್ಲಿ ಒಳಗೆ ಬಿಟ್ಟಿದ್ದ ಅಗ್ಗದ ಸೆಲ್ ಒಸರಿ ತಂತಿಯ ಮೇಲೆಲ್ಲ ಬಿಳಿ ಪುಡಿ ಹಿಡಿದಿತ್ತು. ಇವರು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದು ಗಂಟೆ ಕೂತು ಉಜ್ಜಿ ಸರಿಮಾಡಿದರು.

ಆ ದಿನ ನಾನೊಂದು ಕಾನೂನು ಮಾಡಿದೆ. ಪ್ರತಿ ಸಲ ಮಾತು ಮುಗಿದ ಕೂಡಲೇ ಚಕ್ರ ಸೊನ್ನೆಗೆ, ಪಟ್ಟಿ ಬಿಚ್ಚಿ ಡಬ್ಬಿ ಒರೆಸಿ ಪೆಟ್ಟಿಗೆಗೆ, ಸೆಲ್ ಎರಡೂ ಹೊರತೆಗೆದು ಫೋನಿನ ಪಕ್ಕದ ತಗಡಿನ ಡಬರಿಗೆ. ಹಾಳೆಯಲ್ಲಿ ಬಹಳ ದಿನ ಬಳಸದಿದ್ದರೆ ಎಂದು ಮಾತ್ರ ಇತ್ತು, ನನ್ನದು ಪ್ರತಿ ಸಲ. ಅತಿ ಮಾಡುವುದು ನನ್ನ ಹುಟ್ಟುಗುಣ. ಇವರು ಅದನ್ನು ಮಗ್ಗ ಒರೆಸಿಡುವ ಶ್ರದ್ಧೆಯಿಂದಲೇ ಪಾಲಿಸಿದರು. ಫೋನ್ ಗಂಟೆ ಹೊಡೆದರೆ ಸೆಲ್ ಹಾಕಿ, ಪಟ್ಟಿ ಬಿಗಿದು, ಎಂಟನೇ ಸಲ ಗಂಟೆ ಹೊಡೆಯುವಷ್ಟಕ್ಕೆ ಸರಿಯಾಗಿ ಎತ್ತುತ್ತಿದ್ದರು. ನಾನು ಗೋಡೆಗೆ ಒರಗಿ ಲೆಕ್ಕ ಹಾಕುತ್ತಿದ್ದೆ.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು, ಸುಳ್ಳು ಹೇಳಬಾರದು. ಭಾನುವಾರ ತಂಗಿ ಫೋನ್ ಮಾಡಿದರೆ ಅಣ್ಣ ತಂಗಿ ನಕ್ಕಿದ್ದೇ ನಕ್ಕಿದ್ದು. ಡಯಾಲಿಸಿಸ್ ವಾರ್ಡಿನಿಂದಲೂ ಆಗಾಗ ಫೋನ್ ಬರುತ್ತಿತ್ತು: ನಾಳೆ ಬೆಳಿಗ್ಗೆ ಏಳು ಗಂಟೆಗೆ ಬನ್ನಿ, ಅಷ್ಟೇ ಅವರ ಮಾತು. ಅದನ್ನೂ ಇವರು ಸರಿಯಾಗಿಯೇ ಕೇಳಿ ಹೇಳುತ್ತಿದ್ದರು. ಆದರೂ ನಾನು ಬಿಡದೆ ಹೇಳುತ್ತಿದ್ದೆ: “ರೀ, ಕೇಳಿಸದಿದ್ರೆ ಕೇಳಿಸ್ಲಿಲ್ಲ ಅನ್ನಿ. ಮರ್ಯಾದೆ ಹೋಗಲ್ಲ. ಆಸ್ಪತ್ರೆಯವರದ್ದಾದ್ರೆ ನನ್ನ ಕರೀರಿ.”

“ಹೂಂ ಕಣೇ, ಹೂಂ. ತಲೆ ತಿನ್ಬೇಡ.”

ಆ ಗುರುವಾರ ನನಗೆ ಡಯಾಲಿಸಿಸ್ ಇರಲಿಲ್ಲ. ಹನ್ನೊಂದರ ಹೊತ್ತಿಗೆ ಹಿಂದುಗಡೆಯ ಬಚ್ಚಲುಮನೆಯಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಒರೆಸಿಕೊಂಡು ಬಂದಾಗ ಇವರು ಡಬ್ಬಿ ಬಿಚ್ಚಿ ಒರೆಸುತ್ತಿದ್ದರು, ಸೆಲ್ ಎರಡೂ ಅದಾಗಲೇ ಡಬರಿ ಸೇರಿದ್ದವು.

“ಯಾರದು ಫೋನು?”

“ಆಸ್ಪತ್ರೆಯವರದು. ನಾಳೆ ಏಳು ಗಂಟೆಗೇ ಅಂತೆ.”

“ಸರಿಯಾಗಿ ಕೇಳಿಸ್ತಾ?”

“ಸ್ವಲ್ಪ ಗೊರ ಗೊರ ಅಂತಿತ್ತು. ಅವರು ಬೇರೇನು ಹೇಳ್ತಾರೆ? ಅದೇ ಏಳು ಗಂಟೆ.”

ನಾನು ತಲೆಯ ಬಟ್ಟೆ ಬಿಚ್ಚುತ್ತಾ ಹೊರಗೆ ಬಿಸಿಲಿಗೆ ಹೋಗಿ ಕೂತೆ. ಬಿಸಿಲು ಹಿತವಾಗಿತ್ತು. ಕೂದಲು ಒಣಗುವವರೆಗೂ ಕೂತೇ ಇದ್ದೆ.

ಮಾರನೆಯ ದಿನ ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆ ಖಾಲಿ ಇತ್ತು. ಅದು ಲಾರಿ ಡ್ರೈವರನದು. ನನ್ನದೇ ರಕ್ತದ ಗುಂಪು, ಪಟ್ಟಿಯಲ್ಲಿ ನನ್ನ ಹಿಂದೆಯೇ ಇದ್ದವನು. “ಅಕ್ಕಾ, ನೀವು ಬೇಗ ಗಾಡಿ ತೆಗೆದ್ರೆ ನನಗೆ ದಾರಿ ಸಿಗುತ್ತೆ” ಎಂದು ರೇಗಿಸುತ್ತಿದ್ದ. ಖಾಲಿ ಹಾಸಿಗೆ ಕಂಡರೆ ಅಲ್ಲಿ ಮೊದಲು ತೋಚುವುದು ಒಂದೇ. ನರ್ಸನ್ನು ಕರೆದು ಹಾಸಿಗೆ ತೋರಿಸಿದೆ. ನರ್ಸ್ ನಗುತ್ತಾ, “ಇಲ್ಲಮ್ಮಾ, ಅವರಿಗೆ ಕಿಡ್ನಿ ಸಿಕ್ತು! ನಿನ್ನೆನೇ ಆಪರೇಷನ್ ಆಯ್ತು, ಚೆನ್ನಾಗಿದ್ದಾರೆ” ಎಂದಳು. ಪುಣ್ಯಾತ್ಮ, ಬದುಕಿಕೊಂಡನಲ್ಲ ಎಂದು ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು. ಎರಡರಲ್ಲಿ ಯಾವುದು ಮೊದಲು ಆಯಿತು ಎಂದು ಹೇಳಲಾರೆ.

ಅವನು ನನ್ನ ಹಿಂದೆ ಇದ್ದವನಲ್ಲವೇ, ಹಾಗಾದರೆ ನನ್ನನ್ನು ಯಾಕೆ ಕರೆಯಲಿಲ್ಲ ಎನ್ನುವುದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಪಟ್ಟಿಯಮ್ಮ ಬಂದಳು. ವಾರ್ಡಿನಲ್ಲಿ ಎಲ್ಲರೂ ಮುಖಕ್ಕೆ ಮಾಸ್ಕ್ ಹಾಕಬೇಕು, ಅವಳೂ ಹಾಕಿದ್ದಳು. ಇವರು ನನ್ನ ತಲೆದೆಸೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು.

“ಈಗ ಜ್ವರ ಹೇಗಿದೆ?” ಎಂದಳು ಪಟ್ಟಿಯಮ್ಮ.

“ಯಾವ ಜ್ವರ?”

“ನಿನ್ನೆ ನಿಮ್ಮ ಯಜಮಾನ್ರು ಹೇಳಿದ್ರಲ್ಲ. ಕಿಡ್ನಿ ಬಂದಿದೆ, ಅವರಿಗೆ ಜ್ವರ ಕೆಮ್ಮು ಏನಾದ್ರೂ ಇದ್ಯಾ ಅಂತ ಕೇಳಿದೆ. ಹೂಂ ಅಂದ್ರು. ಇವತ್ತೂ ಇದ್ಯಾ ಅಂದೆ. ಹೂಂ ಹೂಂ ಅಂದ್ರು. ಹಾಗಾದ್ರೆ ಈ ಸಲ ಬಿಟ್ಟು ಮುಂದಿನವರನ್ನ ಕರೆಯೋದಾ ಅಂತಲೂ ಕೇಳಿದೆ. ಆಯ್ತು ಮೇಡಂ ಅಂದ್ರು. ಅಲ್ವಾ ಸಾರ್?”

ಮಾಸ್ಕಿನ ಹಿಂದಿನ ಮಾತು. ಇವರು ಅವಳ ಕಣ್ಣನ್ನೇ ನೋಡುತ್ತಾ, ನಗುತ್ತಾ, ತಲೆ ಆಡಿಸಿದರು.

“ಹೂಂ ಮೇಡಂ, ಹೂಂ.”

ನನ್ನ ಒಂದು ಕೈಗೆ ಎರಡು ಸೂಜಿ ಚುಚ್ಚಿತ್ತು. ಇನ್ನೊಂದು ಕೈಯಿಂದ ಹೊದಿಕೆ ಎದೆಯವರೆಗೆ ಎಳೆದುಕೊಂಡೆ. ಜ್ವರ ಇರಲಿಲ್ಲ ಎಂದು ಈಗ ಹೇಳಿ ಯಾರಿಂದ ಏನು ಬಿಡಿಸಿಕೊಳ್ಳಲಿ, ಆ ಡ್ರೈವರನ ಹೊಟ್ಟೆಯಿಂದ ತೆಗೆಸಲೇ? “ಈಗ ಕಮ್ಮಿಯಾಗಿದೆ” ಎಂದೆ. ಪಟ್ಟಿಯಮ್ಮ ನನ್ನ ಹಣೆ ಮುಟ್ಟಿ ನೋಡಿ, ಮೈ ನೋಡಿಕೊಳ್ಳಿ ಎಂದು ಹೇಳಿ ಹೋದಳು. ಯಂತ್ರ ತಿರುಗುತ್ತಲೇ ಇತ್ತು. ಇನ್ನೂ ಮೂರು ಗಂಟೆ ಮಲಗಿರಬೇಕಿತ್ತು.

ಬಸ್ಸಿನಲ್ಲಿ ಇವರು ಕೇಳಿದರು, “ಏನಂದ್ರು ಆ ಮೇಡಂ?”

ನಾನು ಅವರ ಕಡೆ ಮುಖ ಮಾಡಿ, ತುಟಿ ಬಿಡಿಸಿ ಹೇಳಿದೆ: “ಡ್ರೈವರ್‌ಗೆ ಕಿಡ್ನಿ ಸಿಕ್ಕಿತಂತೆ.”

“ನೋಡಿದ್ಯಾ!” ಎಂದು ನನ್ನ ಮಂಡಿ ತಟ್ಟಿದರು. “ಅವನಿಗೆ ಬಂತು ಅಂದ್ಮೇಲೆ ಮುಂದಿನದು ನಿಂದೇ. ಬರೆದಿಟ್ಕೋ ಬೇಕಾದ್ರೆ.” ದಾರಿಯುದ್ದಕ್ಕೂ ಡ್ರೈವರನ ಮಕ್ಕಳ ಬಗ್ಗೆ, ಅವನು ಮತ್ತೆ ಲಾರಿ ಹತ್ತಬಹುದೇ ಎಂಬ ಬಗ್ಗೆ ಮಾತಾಡಿದರು. ಅವರ ಕತ್ತು ಹಿಸುಕಿಬಿಡಬೇಕು ಎನ್ನಿಸಿತು. ಮರುಕ್ಷಣ, ಈ ಮನುಷ್ಯನಿಗೆ ಇದು ತಿಳಿದರೆ ಉಳಿಯುವುದಿಲ್ಲ ಎನ್ನಿಸಿ ಹೆದರಿಕೆಯಾಯಿತು.

ಮನೆಗೆ ಬಂದೆವು. ಇವರು ತರಕಾರಿ ತರಲು ಹೋದಾಗ ನಾನು ಡಬ್ಬಿಗೆ ಸೆಲ್ ಹಾಕಿ, ರಿಸೀವರಿಗೆ ಕಟ್ಟಿ, ಚಕ್ರ ತಿರುಗಿಸಿದೆ. ಎರಡರಲ್ಲಿಟ್ಟರೂ ಹತ್ತರಲ್ಲಿಟ್ಟರೂ ಒಂದೇ, ಗೊರ ಗೊರ. ಸೆಲ್ ಹೊರಗೆ ತೆಗೆದು ನೋಡಿದೆ. ಒಂದು ಕೆಂಪು, ಒಂದು ನೀಲಿ. ಹಳೆಯವು ಒಸರಿದ ಮೇಲೆ ನಾದಿನಿ ತಂದುಕೊಟ್ಟಿದ್ದು ಎರಡೂ ಕೆಂಪು. ನೀಲಿ ಎಲ್ಲಿಂದ ಬಂತು?

ನೀಲಿ ಗಡಿಯಾರದ್ದು. ಬುಧವಾರ ಗೋಡೆಯ ಗಡಿಯಾರ ನಿಂತಿತ್ತು. ಯಂತ್ರದಿಂದ ಬಂದ ಸುಸ್ತು, ಸ್ಟೂಲು ಹತ್ತುವುದೇ ನನಗೆ ದೊಡ್ಡ ಕೆಲಸ. ಗಡಿಯಾರ ಕೆಳಗಿಳಿಸಿ, ಡಬರಿಯಿಂದ ಕೈಗೆ ಸಿಕ್ಕ ಒಂದು ಸೆಲ್ ತೆಗೆದು ಅದಕ್ಕೆ ಹಾಕಿದ್ದೆ. ಸತ್ತದ್ದನ್ನು ಆಮೇಲೆ ಎಸೆದರಾಯಿತು ಎಂದು ಅದೇ ಡಬರಿಗೆ ಹಾಕಿದ್ದೆ. ಯಾವತ್ತೂ ಡಬ್ಬಿಯೊಳಗೇ ಇರಬೇಕಾದ ಸೆಲ್ಲನ್ನು ಹೊರಗೆ ಇಡಿಸಿದವಳು ನಾನು. ಅದನ್ನು ಎತ್ತಿಕೊಂಡವಳೂ ನಾನೇ. ಇವರು ಕಾನೂನು ಒಂದಿಷ್ಟೂ ಮೀರದೆ, ಡಬರಿಯಲ್ಲಿದ್ದ ಎರಡು ಸೆಲ್ ತೆಗೆದು ಹಾಕಿ, ಎಂಟನೇ ಗಂಟೆಗೆ ಸರಿಯಾಗಿ ಫೋನ್ ಎತ್ತಿದ್ದಾರೆ. ಕೇಳಿಸಲಿಲ್ಲ ಎನ್ನದೆ ಹೂಂ ಎಂದದ್ದು ಅವರ ತಪ್ಪು, ನಿಜ. ಆದರೆ ಕೇಳಿಸದ ಹಾಗೆ ಮಾಡಿದ್ದು?

ನೀಲಿ ಸೆಲ್ಲನ್ನು ಕಾಗದದಲ್ಲಿ ಸುತ್ತಿ ಬೀದಿಯ ಕೊನೆಯ ಕಸದ ತೊಟ್ಟಿಗೆ ಹಾಕಿ ಬಂದೆ. ಎರಡು ಹೊಸ ಸೆಲ್ ಕೊಂಡು ತಂದೆ. ಇವರಿಗೆ ಹೇಳಬೇಕೆಂದು ದಿನಾ ಅಂದುಕೊಂಡೆ. ಹೇಳಿದರೆ ಅವರದ್ದೂ ಹೇಳಬೇಕು, ನನ್ನದೂ ಹೇಳಬೇಕು. ಇವತ್ತು ಬೇಡ, ಯಂತ್ರದ ದಿನ. ನಾಳೆ ಬೇಡ, ಅವರಿಗೆ ಶೀತ. ಹೀಗೆ ಎರಡು ತಿಂಗಳು ಉರುಳಿತು. ಈ ನಡುವೆ ನನ್ನ ಕಾಲು ಊದಿಕೊಂಡು ಇಳಿಯದಾಯಿತು, ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗದು. ಹೃದಯದ ಡಾಕ್ಟರು ಮತ್ತೆ ಪರೀಕ್ಷೆ ಮಾಡಿದರು. ಫಲಿತಾಂಶ ಫೋನಿನಲ್ಲಿ ತಿಳಿಸುತ್ತೇವೆ ಎಂದರು.

ಫೋನ್ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ನಾನು ಮಂಚದಲ್ಲಿ ದಿಂಬಿಗೆ ಒರಗಿದ್ದೆ, ಏಳಲು ಆಗಲಿಲ್ಲ. ಇವರು ಸೆಲ್ ಹಾಕಿದರು, ಪಟ್ಟಿ ಬಿಗಿದರು, ಎತ್ತಿದರು, ಚಕ್ರವನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿದರು. ಐದಕ್ಕೇ ಅವರ ಮುಖ ಬೆಳಗಿತು. ನನ್ನ ಕಡೆ ತಿರುಗಿ, “ಪಟ್ಟಿಯಮ್ಮ. ಎಷ್ಟು ಚೆನ್ನಾಗಿ ಕೇಳಿಸ್ತಿದೆ ಗೊತ್ತಾ!” ಎಂದು ಪಿಸುಗುಟ್ಟಿದರು. ಅವರ ಪಿಸುಮಾತು ಬೀದಿಗೆಲ್ಲ ಕೇಳಿಸುತ್ತದೆ.

ಆಮೇಲೆ ರಿಸೀವರನ್ನು ಕಿವಿಗೆ ಒತ್ತಿ ಹಿಡಿದರು.

“ತೆಗೆದ್ರಾ? ಹೆಸರೇ ತೆಗೆದ್ರಾ ಮೇಡಂ? … ಹೃದಯಕ್ಕೆ… ಹೂಂ. … ಯಾವಾಗ? ಯಾವ ಗುರುವಾರ? … ಇಲ್ಲ ಮೇಡಂ, ಅವಳಿಗೆ ಜ್ವರ ಇರ್ಲಿಲ್ಲ. ಯಾವತ್ತೂ ಇರ್ಲಿಲ್ಲ. … ನಾನಾ? ನಾನು ಹೇಳಿದ್ನಾ?”

ನಾನು ಕೈ ಬೀಸಿದೆ. ಸಾಕು, ಇಡಿ ಎಂದು ಕೂಗಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಒಂದು ಅಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿದ್ದರು. ಹೊಸ ಸೆಲ್ ನಾನೇ ತಂದಿದ್ದೆ.

ರಿಸೀವರು ಇಟ್ಟರು. ಚಕ್ರ ಸೊನ್ನೆಗೆ ತಿರುಗಿಸಿದರು, ಪಟ್ಟಿ ಬಿಚ್ಚಿದರು, ಸೆಲ್ ತೆಗೆದರು, ಡಬ್ಬಿ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ಬಂದು ಮಂಚದ ಕಾಲ ಬಳಿ ನೆಲದ ಮೇಲೆ ಕೂತು ತಲೆ ತಗ್ಗಿಸಿದರು.

“ನಾನು ಹೂಂ ಅಂದೆನಂತೆ ಕಣೇ. ಬೇರೆಯವರಿಗೆ ಕೊಡಿ ಅಂದೆನಂತೆ. ನಿನ್ನ ಕೊಂದಿದ್ದು ನಾನೇ.”

“ನೀವಲ್ಲ ರೀ” ಎಂದೆ. “ಸೆಲ್ ಸತ್ತಿತ್ತು. ಹಾಕಿಟ್ಟವಳು ನಾನು. ಗಡಿಯಾರದ್ದು.”

ಹೇಳಿಯೇಬಿಟ್ಟೆ. ಎರಡು ತಿಂಗಳು ಬಚ್ಚಿಟ್ಟದ್ದು ಹೊರಗೆ ಬಂತು. ಆದರೆ ಅವರು ನೆಲ ನೋಡುತ್ತಿದ್ದರು, ನನ್ನ ತುಟಿ ನೋಡುತ್ತಿರಲಿಲ್ಲ. ನನ್ನ ಮಾತು ಅವರ ತಲೆಯ ಮೇಲಿಂದ ಹಾದು ಗೋಡೆಗೆ ಹೋಯಿತು.

ಗದ್ದ ಹಿಡಿದು ಅವರ ಮುಖವನ್ನು ನನ್ನ ಕಡೆ ಎತ್ತಿಸಿ ಇನ್ನೊಂದು ಸಲ ಹೇಳಿದ್ದರೆ ಸಾಕಿತ್ತು. ಕೈಗೆಟಕುವಷ್ಟು ಹತ್ತಿರದಲ್ಲೇ ಕೂತಿದ್ದರು. ನಾನು ಎತ್ತಿಸಲಿಲ್ಲ.